ಸೆಕೆಂಡ್ ಹ್ಯಾಂಡ್ ಕಾರಿಗೆ ಹೊರಗಿನ ಅಂಗಡಿಯಲ್ಲಿ ಪಾರ್ಕಿಂಗ್ ಸೆನ್ಸರ್ ಹಾಕಿಸಿದರೆ ಪ್ರಯೋಜನ ಉಂಟಾ?

ನೀವು 2016ರ ಸಣ್ಣ ಕಾರು ತಗೊಂಡಿದ್ದೀರಿ. ಮನೆ ಮಂಗಳೂರಿನ ಬಿಜೈ ಕಡೆ, ಏರು ದಾರಿಯಲ್ಲಿ. ರಿವರ್ಸ್ ತೆಗೆಯುವಾಗ ಪಾಗಾರಕ್ಕೆ (ಕಾಂಪೌಂಡ್ ಗೋಡೆಗೆ) ತಾಗುವ ಹೆದರಿಕೆ. ಸೆನ್ಸರ್ ಹಾಕಿಸಬಹುದಾ, ಬಂಪರಿಗೆ ತೂತು ಹೊಡೆದರೆ ಹಾಳಾಗುತ್ತದಾ, ಕ್ಯಾಮೆರಾ ಒಳ್ಳೆಯದಾ ಅಂತ ಕೇಳಿದ್ದೀರಿ.

ಹಾಕಿಸಿ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಹಿಂದಿನ ಸೆನ್ಸರ್ ಕಡ್ಡಾಯವಾಗಿದೆ. ನಿಮ್ಮದು ಅದಕ್ಕಿಂತ ಹಳೆಯದು, ಹಾಗಾಗಿ ಬಂದಿಲ್ಲ ಅಷ್ಟೇ. ತೂತಿಗೆ ಹೆದರಬೇಡಿ, ಅದು ಹೇಗೂ ಸೆನ್ಸರಿನ ಹಿಂದೆ ಮುಚ್ಚಿಹೋಗುತ್ತದೆ. ನೀವು ಹೆದರಬೇಕಾದ್ದು ವಯರಿನ ಜಾಯಿಂಟಿಗೆ.

ನಾನಿರುವುದು ಉಡುಪಿಯಲ್ಲಿ, ಕಾರು 2014ರದ್ದು. ಎಪ್ರಿಲ್‌ನಲ್ಲಿ ಒಂದು ಅಂಗಡಿಯಲ್ಲಿ ನಾಲ್ಕು ಸೆನ್ಸರಿನ ಕಿಟ್ ಹಾಕಿಸಿದೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಕೊಟ್ಟರು. ನನಗೂ ಖುಷಿ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ರಿವರ್ಸ್ ಹಾಕಿದ ಕೂಡಲೇ ಪೀಂ ಅಂತ ಒಂದೇ ಸಮನೆ ಕೂಗಲು ಶುರು. ಹಿಂದೆ ಇಡೀ ಅಂಗಳ ಖಾಲಿ! ನಾಲ್ಕು ದಿನ ಕೂಗಿ ಆಮೇಲೆ ಪೂರ್ತಿ ಸುಮ್ಮನಾಯಿತು. ಡಿಕ್ಕಿ ಬಿಚ್ಚಿ ನೋಡಿದರೆ, ಸೆನ್ಸರ್‌ಗಳ ವಯರೆಲ್ಲ ಬಂದು ಸೇರುವ ಕಂಟ್ರೋಲ್ ಬಾಕ್ಸನ್ನು ಸ್ಟೆಪ್ನಿ ಗುಂಡಿಯಲ್ಲಿ ಸುಮ್ನೆ ಬಿಟ್ಟಿದ್ದಾರೆ. ಹಳೇ ಕಾರಿನಲ್ಲಿ ಡಿಕ್ಕಿಯ ರಬ್ಬರ್ ಸವೆದಿರುತ್ತದೆ, ನೀರು ಇಳಿದು ನಿಲ್ಲುವುದೇ ಆ ಗುಂಡಿಯಲ್ಲಿ. ಕಿಟ್‌ಗೆ ಕರೆಂಟ್ ತೆಗೆದುಕೊಳ್ಳಲು ರಿವರ್ಸ್ ಲೈಟಿನ ವಯರಿಗೆ ಹಾಕಿದ ಜಾಯಿಂಟ್ ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದು. ಒಳಗೆ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಕಡಲ ಬದಿಯ ಉಪ್ಪು ಗಾಳಿಗೆ ತಾಮ್ರ ಹಾಗೆಯೇ ಆಗುವುದು.

ಎರಡನೇ ಕಿಟ್ ನಾನೂ ನನ್ನ ಭಾವನೂ ಸೇರಿ ಒಂದು ಭಾನುವಾರ ಮನೆಯಲ್ಲೇ ಹಾಕಿದೆವು. ಭಾವನಿಗೆ ವಯರಿಂಗ್ ಕೆಲಸ ಗೊತ್ತುಂಟು. ಜಾಯಿಂಟನ್ನು ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಹಾಕಿದ. ಬಾಕ್ಸನ್ನು ಡಿಕ್ಕಿಯ ಬದಿಯ ಗೋಡೆಗೆ, ಟ್ರಿಮ್ (ಒಳಗಿನ ಹೊದಿಕೆ) ಒಳಗೆ, ಎತ್ತರದಲ್ಲಿ ಅಂಟಿಸಿದೆವು. ಆಮೇಲೆ ಎರಡು ಮಳೆಗಾಲ ಕಳೆಯಿತು, ಏನೂ ಆಗಿಲ್ಲ. ನೀವು ಅಂಗಡಿಯಲ್ಲಿ ಹಾಕಿಸುವುದಾದರೂ ಇವೆರಡನ್ನು ಮೊದಲೇ ಹೇಳಿ. ಸೋಲ್ಡರಿಗೆ ನೂರಿನ್ನೂರು ಜಾಸ್ತಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ.

ಸೆನ್ಸರ್ ಕೆಲಸ ಮಾಡುವ ಕ್ರಮ ಗೊತ್ತಿದ್ದರೆ ಎಲ್ಲಿ ಕೂರಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಅದು ನಮ್ಮ ಕಿವಿಗೆ ಕೇಳದ ಒಂದು ಶಬ್ದ ಬಿಡುತ್ತದೆ, ಸಾಮಾನ್ಯವಾಗಿ 40 ಕಿಲೋಹರ್ಟ್ಸ್. ಅದು ಗೋಡೆಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಬಾಕ್ಸ್ ಲೆಕ್ಕ ಹಾಕುತ್ತದೆ. ಒಂದು ಮೀಟರ್ ದೂರದ ಗೋಡೆಯಾದರೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್. ಶಬ್ದ ಬಿಡುವುದೂ ಕೇಳುವುದೂ ಸೆನ್ಸರಿನ ಮುಖದಲ್ಲಿರುವ ಒಂದೇ ಬಿಲ್ಲೆ. ಬಿಟ್ಟ ಶಬ್ದದ ಕಂಪನ ನಿಲ್ಲುವ ಮೊದಲೇ ವಾಪಸ್ ಬಂದರೆ ಅದಕ್ಕೆ ಕೇಳುವುದಿಲ್ಲ. ಹಾಗಾಗಿ ಸುಮಾರು 30 ಸೆಂಟಿಮೀಟರ್ ಒಳಗೆ ಬಂದ ಮೇಲೆ ಅದನ್ನು ನಂಬುವ ಹಾಗಿಲ್ಲ. ಪೀಂ ಅಂತ ಎಳೆಯಲು ಶುರುವಾದರೆ ಬ್ರೇಕ್ ಒತ್ತಿ. ಇನ್ನೂ ಒಂದು ಗೇಣು ಜಾಗ ಉಂಟು ಅಂತ ಹೋಗಬೇಡಿ.

ನೆಲದಿಂದ 50ರಿಂದ 60 ಸೆಂಟಿಮೀಟರ್ ಎತ್ತರ ಸರಿಯಾಗುತ್ತದೆ. ಅದಕ್ಕಿಂತ ಕೆಳಗೆ ಹಾಕಿದರೆ ರಸ್ತೆಯನ್ನೇ ಗೋಡೆ ಅಂತ ತಿಳಿಯುತ್ತದೆ. ಬಂಪರ್ ಮುಖ ನೆಲದ ಕಡೆ ವಾಲಿದ್ದರೂ ಅದೇ ಕಥೆ. ಕೆಲವು ಕಿಟ್‌ನಲ್ಲಿ ಇದಕ್ಕೆ ಅಂತಲೇ ವಾರೆ ರಿಂಗ್ ಕೊಟ್ಟಿರುತ್ತಾರೆ, ಕೇಳಿ ನೋಡಿ. ಸೆನ್ಸರಿನ ಹಿಂದೆ ಮೇಲ್ಮುಖದ ಬಾಣದ ಗುರುತು ಇರುತ್ತದೆ. ಅಡ್ಡಕ್ಕೆ ಹರಡುವಷ್ಟು ಶಬ್ದ ಮೇಲೆ ಕೆಳಗೆ ಹರಡಬಾರದು, ಅದಕ್ಕೆ ಆ ಗುರುತು. ತಿರುಗಿಸಿ ಹಾಕಿದರೆ ಖಾಲಿ ರಸ್ತೆಯಲ್ಲೂ ಕೂಗುತ್ತದೆ.

ತೂತಿಗೆ ಕಿಟ್ ಜೊತೆ ಬರುವ ಹೋಲ್ ಕಟರನ್ನೇ ಬಳಸಬೇಕು. ಹೆಚ್ಚಾಗಿ 22 ಮಿಲಿಮೀಟರ್ ಇರುತ್ತದೆ, ಬೇರೆ ಅಳತೆಯವೂ ಉಂಟು. ಮೊದಲು ಬಂಪರಿನ ಒಳಗೆ ಕೈ ಹಾಕಿ, ಆ ಜಾಗದ ಹಿಂದೆ ಕಬ್ಬಿಣದ ಪಟ್ಟಿ ಇಲ್ಲ ಅಂತ ನೋಡಿಕೊಳ್ಳಿ. ಪೇಪರ್ ಟೇಪ್ ಅಂಟಿಸಿ, ಅದರ ಮೇಲೆ ಅಳೆದು ಗುರುತು ಹಾಕಿ, ಸಣ್ಣ ಬಿಟ್‌ನಿಂದ ಒಂದು ತೂತು, ಆಮೇಲೆ ಕಟರ್. ನಾವು ಅಳೆದದ್ದು ಮೂರು ಸಲ. ಆದರೂ ಡ್ರಿಲ್ ಹಿಡಿದಾಗ ನನಗೆ ಕೈ ನಡುಗಿತು ಮಾರಾಯ್ರೆ. ಬಂಪರ್ ಬಿಚ್ಚುವುದಾದರೆ ನಾಲ್ಕೈದು ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಹಳೇ ಪ್ಲಾಸ್ಟಿಕ್, ಮುಟ್ಟಿದರೆ ಮುರಿಯುತ್ತದೆ. ವಯರ್ ಸೈಲೆನ್ಸರಿನ ಹತ್ತಿರ ಹೋಗಬಾರದು, ಒಳಗೆ ತೆಗೆದುಕೊಳ್ಳುವಲ್ಲಿ ರಬ್ಬರ್ ಬುಶ್ ಇರಬೇಕು.

ದೂರ ತೋರಿಸುವ ಡಿಸ್‌ಪ್ಲೇ ಬೇಡ ಅಂತ ನನ್ನ ಅಭಿಪ್ರಾಯ. ಡ್ಯಾಶ್‌ಬೋರ್ಡ್ ತನಕ ವಯರ್ ಎಳೆಯುವುದು ದೊಡ್ಡ ರಗಳೆ. ಹಿಂದೆ ನೋಡುತ್ತಾ ಓಡಿಸುವಾಗ ಮುಂದಿನ ಡಿಸ್‌ಪ್ಲೇ ಯಾರು ನೋಡುತ್ತಾರೆ? ಪೀಂ ಅನ್ನುವ ಬಜರ್ ಸಾಕು.

ಕಾರು ತರುವ ಮೊದಲು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನೀವೇ ಹಿಂದೆ ಹೋಗಿ ನಿಲ್ಲಬೇಡಿ, ಬಟ್ಟೆ ಶಬ್ದವನ್ನು ನುಂಗುತ್ತದೆ. ಒಂದು ಹಲಗೆಯನ್ನು ನಾಲ್ಕೂ ಸೆನ್ಸರಿನ ಎದುರು ಬೇರೆ ಬೇರೆಯಾಗಿ ಹಿಡಿಸಿ ನೋಡಿ. ಒಂದು ಸತ್ತಿದ್ದರೆ ಬಾಕ್ಸಿನಲ್ಲಿ ಅದರ ಪ್ಲಗ್ಗನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಲಿ. ತೊಂದರೆ ಪ್ಲಗ್ಗಿನ ಜೊತೆ ಹೋದರೆ ಸೆನ್ಸರ್ ಅಥವಾ ಅದರ ವಯರ್ ಹಾಳು, ಅಲ್ಲೇ ಉಳಿದರೆ ಬಾಕ್ಸ್ ಹಾಳು. ಸೆನ್ಸರಿಗೆ ಬಂಪರಿನ ಬಣ್ಣ ಹೊಡೆಸುವುದಾದರೆ ತೆಳ್ಳಗೆ ಒಂದೇ ಕೋಟ್. ದಪ್ಪ ಬಣ್ಣದಡಿ ಬಿಲ್ಲೆ ಕಂಪಿಸುವುದಿಲ್ಲ. ನನ್ನ ಬಿಳಿ ಬಂಪರಿನಲ್ಲಿ ನಾಲ್ಕು ಕಪ್ಪು ಚುಕ್ಕೆ ಹಾಗೇ ಉಂಟು.

ಈಗ ಸೆನ್ಸರಿಗೆ ಕಾಣದ್ದು ಯಾವುದು ಅನ್ನುವ ವಿಷಯ. ಕೆಂಪು ಕಲ್ಲಿನ ಪಾಗಾರ ಚೆನ್ನಾಗಿ ಕಾಣುತ್ತದೆ. ಸಪುರ ಕಬ್ಬಿಣದ ಕಂಬ, ಗೇಟಿಗೆ ಅಡ್ಡ ಕಟ್ಟಿದ ಸರಪಳಿ, ಬಲೆಯ ಬೇಲಿ, ಅಂಗಳದಲ್ಲಿ ಮಲಗಿದ ನಾಯಿ, ಇವೆಲ್ಲ ಎಷ್ಟೋ ಸಲ ತಪ್ಪಿಹೋಗುತ್ತವೆ. ನಿಮ್ಮ ದಾರಿಯಲ್ಲಿ ಏರು ಶುರುವಾಗುವಲ್ಲಿ ಹಿಂದಿನ ನೆಲವೇ ಎದ್ದು ಬಂದ ಹಾಗಾಗಿ ಸ್ವಲ್ಪ ಕೂಗಬಹುದು, ಅದು ಕಿಟ್ ಹಾಳಾದದ್ದಲ್ಲ. ಜೋರು ಮಳೆಯಲ್ಲಿ ಬಿಲ್ಲೆಯ ಮೇಲೆ ಹನಿ ನಿಂತರೂ ಕೂಗುತ್ತದೆ, ಬೆರಳಿನಿಂದ ಒರೆಸಿದರೆ ಸರಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ತೋಡು. ಗುಂಡಿಯಿಂದ ಶಬ್ದ ವಾಪಸ್ ಬರುವುದಿಲ್ಲ. ನಮ್ಮ ಕಡೆ ರಸ್ತೆ ಬದಿಗೆ ಬಾಯಿ ತೆರೆದ ಚರಂಡಿ ಎಷ್ಟುಂಟು ಅಂತ ನಿಮಗೆ ನಾನು ಹೇಳಬೇಕಾ? ಹಿಂದಿನ ಚಕ್ರ ಅದರೊಳಗೆ ಇಳಿಯುವವರೆಗೂ ಬಜರ್ ಸುಮ್ಮನೆ ಇರುತ್ತದೆ. ನಿಮ್ಮ ಗೇಟಿನ ಬದಿಯಲ್ಲಿ ತೋಡು ಇದ್ದರೆ ಸೆನ್ಸರ್ ಜೊತೆಗೆ ಕ್ಯಾಮೆರಾನೂ ಹಾಕಿಸಿ. ಪಾಗಾರ ಮಾತ್ರ ಇದ್ದರೆ ಸೆನ್ಸರ್ ಸಾಕು.

ನಾನು ಕ್ಯಾಮೆರಾ ಹಾಕಿಸಿಲ್ಲ. ಮನೆ ಎದುರಿನ ತೋಡಿನ ಅಂಚಿಗೆ ಕೆಂಪು ಕಲ್ಲನ್ನು ಒಂದರ ಮೇಲೊಂದು ಬಂಪರಿನ ಎತ್ತರಕ್ಕೆ ಇಟ್ಟು ಸಿಮೆಂಟ್ ಹಾಕಿದ್ದೇನೆ. ಈಗ ಅಲ್ಲಿಗೆ ಬಂದರೆ ಪೀಂ ಅನ್ನುತ್ತದೆ.