ಗಾಜು ಕರೆಂಟ್ ಬಿಡುವುದಿಲ್ಲ, ಅದಕ್ಕೇ ಅದರಲ್ಲಿ ಶಕ್ತಿ ನಿಲ್ಲುತ್ತದೆ

“ಗಾಜಿನೊಳಗೆ ಕರೆಂಟ್ ಹರಿಯುವುದೇ ಇಲ್ಲ. ಮತ್ತೆ ಅದರಲ್ಲಿ ವಿದ್ಯುತ್ ಶಕ್ತಿ ಕೂಡಿಡುವುದು ಹೇಗೆ? ಬ್ಯಾಟರಿ ಬದಲು ಗಾಜು ಬರುತ್ತಾ?” ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇದು ನನಗೆ ತುಂಬಾ ಇಷ್ಟದ ಪ್ರಶ್ನೆ.

ಹರಿಯಲು ಬಿಡದಿರುವುದೇ ಇಲ್ಲಿ ಉಪಕಾರ. ಗಾಜಿನ ಎರಡೂ ಬದಿಗೆ ಲೋಹದ ಹಾಳೆ ಅಂಟಿಸಿ ವೋಲ್ಟೇಜ್ ಕೊಟ್ಟರೆ ಒಳಗಿನ ಧನ, ಋಣ ಚಾರ್ಜುಗಳು ಜಾಗ ಬಿಟ್ಟು ಓಡುವುದಿಲ್ಲ. ಸ್ವಲ್ಪ ಜಗ್ಗಿಕೊಂಡು ನಿಲ್ಲುತ್ತವೆ, ಬಿಲ್ಲಿನ ಹೆದೆ ಎಳೆದು ಹಿಡಿದ ಹಾಗೆ. ಆ ಬಿಗಿಯಲ್ಲೇ ಶಕ್ತಿ ಇರುವುದು.

1746ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ವಿಜ್ಞಾನಿ ಮುಷೆನ್‌ಬ್ರೂಕ್ ನೀರು ತುಂಬಿದ ಗಾಜಿನ ಜಾಡಿಯಲ್ಲಿ ಇದನ್ನು ಕಂಡರು. ಅದಕ್ಕೂ ಸ್ವಲ್ಪ ಮುಂಚೆ ಜರ್ಮನಿಯ ಫಾನ್ ಕ್ಲೈಸ್ಟ್ ಕೂಡ ಕಂಡಿದ್ದರು. ಆದರೆ ಶಕ್ತಿ ಇರುವುದು ನೀರಿನಲ್ಲೋ ಗಾಜಿನಲ್ಲೋ? ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಚಾರ್ಜ್ ಆದ ಸೀಸೆಯ ನೀರನ್ನು ಇನ್ನೊಂದು ಸೀಸೆಗೆ ಬಗ್ಗಿಸಿ ನೋಡಿದರು. ಅದರಲ್ಲಿ ಏನೂ ಇಲ್ಲ. ಖಾಲಿಯಾದ ಸೀಸೆಗೆ ಟೀ ಪಾತ್ರೆಯಿಂದ ಬೇರೆ ನೀರು ಹಾಕಿ ಮುಟ್ಟಿದರೆ ಶಾಕ್! ಎಷ್ಟು ಸರಳ, ಎಷ್ಟು ಚೆಂದದ ಪ್ರಯೋಗ ಅಲ್ವಾ? ಆಮೇಲೆ ಅವರು ಸೀಸದ ತಗಡು ಹಚ್ಚಿದ 11 ಕಿಟಕಿ ಗಾಜುಗಳನ್ನು ಸಾಲಾಗಿ ಜೋಡಿಸಿದರು. ಅದನ್ನೇ ‘ಬ್ಯಾಟರಿ’ ಎಂದು ಕರೆದರು. ವಿದ್ಯುತ್ತಿಗೆ ಆ ಪದ ಬಂದದ್ದು ಗಾಜಿನ ಮೂಲಕವೇ.

ಆದರೆ ಹಿಡಿಯುವುದು ಬಹಳ ಕಡಿಮೆ. ಅರ್ಧ ಲೀಟರ್ ಜಾಡಿ ಚಾರ್ಜ್ ಹಿಡಿಯುವ ಸಾಮರ್ಥ್ಯ ಸುಮಾರು 1 ನ್ಯಾನೋಫ್ಯಾರಡ್ (ಫ್ಯಾರಡ್ ಎಂಬ ಅಳತೆಯ ನೂರು ಕೋಟಿಯಲ್ಲಿ ಒಂದು ಪಾಲು). 20,000 ವೋಲ್ಟ್ ಕೊಟ್ಟರೂ ನಿಲ್ಲುವ ಶಕ್ತಿ 0.2 ಜೂಲ್. 5,000 ಎಂಎಎಚ್ ಮೊಬೈಲ್ ಬ್ಯಾಟರಿಯಲ್ಲಿ ಸುಮಾರು 70,000 ಜೂಲ್ ಇರುತ್ತದೆ.

ಗಾಜನ್ನು ತೆಳ್ಳಗೆ ಮಾಡಿದರೆ ಕಥೆ ಸ್ವಲ್ಪ ಬದಲಾಗುತ್ತದೆ. ಕಿಟಕಿ ಗಾಜಿನಲ್ಲಿ ಸೋಡಿಯಂ ಇದೆ, ಅದರ ಅಯಾನುಗಳು, ಅಂದರೆ ಚಾರ್ಜ್ ಇರುವ ಅಣುಕಣಗಳು, ಮೆಲ್ಲಗೆ ಸರಿದಾಡಿ ಗಾಜನ್ನು ದುರ್ಬಲ ಮಾಡುತ್ತವೆ. ಈಗಿನ ಚಪ್ಪಟೆ ಟಿವಿ ಪರದೆಗೆ ಬಳಸುವ ಗಾಜಿನಲ್ಲಿ ಅದಿಲ್ಲ. ಅಂಥ ತೆಳು ಗಾಜಿನಲ್ಲಿ ಅಮೆರಿಕದ ಪೆನ್ ಸ್ಟೇಟ್ ಸಂಶೋಧಕರು ಘನ ಸೆಂಟಿಮೀಟರಿಗೆ ಸುಮಾರು 35 ಜೂಲ್ ಮುಟ್ಟಿದರು. ಲಿಥಿಯಂ ಬ್ಯಾಟರಿಯಲ್ಲಿ ಅಷ್ಟೇ ಜಾಗಕ್ಕೆ ಸಾವಿರ ಜೂಲ್ ದಾಟುತ್ತದೆ. ಹಾಗಾಗಿ ಗಾಜು ಬ್ಯಾಟರಿಗೆ ಬದಲಿ ಆಗುವುದಿಲ್ಲ. ಆದರೆ ಇದ್ದ ಶಕ್ತಿಯನ್ನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತದೆ, ಪ್ಲಾಸ್ಟಿಕ್ ಕೆಪಾಸಿಟರ್ (ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಇಟ್ಟು ಹೀಗೇ ಚಾರ್ಜ್ ಹಿಡಿಯುವ ಸಾಧನ) ಸೋಲುವ ಬಿಸಿಯಲ್ಲೂ ತಡೆದುಕೊಳ್ಳುತ್ತದೆ. ನನ್ನ ಪ್ರಕಾರ ಅದರ ನಿಜವಾದ ಜಾಗ ಅಲ್ಲಿದೆ.

‘ಗ್ಲಾಸ್ ಬ್ಯಾಟರಿ’ ಅಂತ ಓದಿದ್ದರೆ ಅದು ಬೇರೆ. 2017ರಲ್ಲಿ ವಿಜ್ಞಾನಿಗಳಾದ ಜಾನ್ ಗುಡ್ಇನಫ್ ಮತ್ತು ಮರಿಯಾ ಹೆಲೆನಾ ಬ್ರಾಗಾ ಹೇಳಿದ ಆ ಬ್ಯಾಟರಿಯಲ್ಲಿ ಗಾಜು ಶಕ್ತಿ ಹಿಡಿಯುವುದಿಲ್ಲ, ಅಯಾನುಗಳಿಗೆ ದಾರಿ ಕೊಡುತ್ತದೆ. ಅವರು ಹೇಳಿದ ಫಲಿತಾಂಶಗಳನ್ನು ಹಲವು ವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಕೆಲವು ಬಗೆಯ ಗಾಜಿನಲ್ಲಿ ಅಯಾನು ಓಡಾಡುವುದು ನಿಜ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ. ಜೆ. ರಾವ್ ಇಂಥ ಗಾಜುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಮನೆಯಲ್ಲಿ ಜಾಡಿ ಮಾಡಿ ನೋಡುವುದಾದರೆ ಚಿಕ್ಕದನ್ನೇ ಮಾಡಿ. ಒಮ್ಮೆ ಶಾಕ್ ಕೊಟ್ಟ ಮೇಲೆ ಖಾಲಿಯಾಯಿತು ಅಂತ ನಾನು ಸುಮ್ನೆ ಎತ್ತಿಕೊಂಡಿದ್ದೆ, ಮೊಣಕೈವರೆಗೆ ಹೊಡೆಯಿತು. ಗಾಜು ಸ್ವಲ್ಪ ಉಳಿಸಿಕೊಂಡಿರುತ್ತದೆ. ತಂತಿಯನ್ನು ಪ್ಲಾಸ್ಟಿಕ್ ಹೊದಿಕೆ ಇರುವಲ್ಲಿ ಹಿಡಿದು, ಅದರ ಬರಿ ತುದಿಗಳನ್ನು ಒಳ ಹಾಳೆ, ಹೊರ ಹಾಳೆ ಎರಡಕ್ಕೂ ಒಟ್ಟಿಗೆ ಮುಟ್ಟಿಸಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಮುಟ್ಟಿಸಿ. ಆಮೇಲೆ ಕೈ ಹಾಕಿ.