ಕಸಿಯಾದ ಮೊಣಕಾಲು, ಎದುರಿಗಿರುವ ಓಟದ ಪರೀಕ್ಷೆ

ಪ್ರಕರಣ: 22 ವರ್ಷದ ಯುವಕ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಿ ನಡೆಸುವಾಗ ಪೆಟ್ಟಾಗಿ, ತೊಡೆಮೂಳೆಯ ತುದಿಯಲ್ಲಿ ಸುಮಾರು 2 ಚದರ ಸೆಂ.ಮೀ. ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ನುಣುಪಾದ ಕಾರ್ಟಿಲೇಜ್) ಕಿತ್ತುಹೋಗಿತ್ತು. ಬೇರೆ ಜಾಗದ ಮೃದ್ವಸ್ಥಿಯನ್ನು ಮೂಳೆ ಸಮೇತ ತಂದು ಕೂರಿಸುವ ಮೊಸಾಯಿಕ್‌ಪ್ಲಾಸ್ಟಿ ಶಸ್ತ್ರಚಿಕಿತ್ಸೆ ಆಗಿ 10 ವಾರ. ಇನ್ನೆರಡು ತಿಂಗಳಿಗೆ 1600 ಮೀಟರ್ ಓಟ. ಮನೆಯಲ್ಲಿ ಹೇಳದೆ ಓಡಲು ಶುರುಮಾಡಿದ್ದಾನೆ. ಸಂಜೆ ಹೊತ್ತಿಗೆ ಮೊಣಕಾಲು ಊದುತ್ತದೆ. "ನೋವೇ ಇಲ್ಲ ಮೇಡಂ, ವಾಸಿಯಾದ ಹಾಗೇ ಅಲ್ವಾ?"

ಅಲ್ಲ. ಮೃದ್ವಸ್ಥಿಯಲ್ಲಿ ನರವಿಲ್ಲ, ರಕ್ತನಾಳವೂ ಇಲ್ಲ. ಅದಕ್ಕೆ ಹೊರೆ ಹೆಚ್ಚಾಯಿತೆಂದು ಮೊದಲು ಹೇಳುವುದು ಹೆಚ್ಚಾಗಿ ಊತ.

ಈತನಿಗೆ ಅದೇ ಮೊಣಕಾಲಿನಲ್ಲಿ ಭಾರ ಕಡಿಮೆ ಬೀಳುವ ಅಂಚಿನಿಂದ 8 ಮಿ.ಮೀ. ವ್ಯಾಸದ ಮೂರು ಪ್ಲಗ್ (ಕೆಳಗೆ ಮೂಳೆ, ಮೇಲೆ ಮೃದ್ವಸ್ಥಿ ಇರುವ ಬಿರಡೆಯಂಥ ತುಂಡು) ತೆಗೆದು ಕೂರಿಸಿದ್ದಾರೆ. ಮೂರೂ ಸೇರಿ ಮುಚ್ಚುವುದು 1.5 ಚದರ ಸೆಂ.ಮೀ. ಪ್ಲಗ್‌ನ ಮೂಳೆ 6–8 ವಾರದಲ್ಲಿ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಮೇಲಿನ ಮೃದ್ವಸ್ಥಿ ಮಾತ್ರ ಅಕ್ಕಪಕ್ಕದ್ದಕ್ಕೆ ಸರಿಯಾಗಿ ಅಂಟುವುದಿಲ್ಲ. ಸಂದುಗಳಲ್ಲಿ ನಾರಿನಂಥ ಅಂಗಾಂಶ ತುಂಬುತ್ತದೆ. ಮೂಲ ಮೃದ್ವಸ್ಥಿಯಲ್ಲಿ ಮುಕ್ಕಾಲು ಪಾಲು ನೀರು. ಟೈಪ್ 2 ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ಬಲೆಯೊಳಗಿನ ಪ್ರೋಟಿಯೋಗ್ಲೈಕನ್ ಎಂಬ ದೊಡ್ಡ ಅಣುಗಳು ಆ ನೀರನ್ನು ಹಿಡಿದಿಡುವುದರಿಂದ, ಕಾಲೂರಿದಾಗ ಹೊರೆಯ ದೊಡ್ಡ ಪಾಲನ್ನು ನೀರಿನ ಒತ್ತಡವೇ ಹೊರುತ್ತದೆ. ನಾರಿನ ಅಂಗಾಂಶದಲ್ಲಿ ಟೈಪ್ 1 ಕೊಲಾಜೆನ್ ಹೆಚ್ಚು, ನೀರು ಹಿಡಿಯುವ ಶಕ್ತಿ ಕಡಿಮೆ. ನೀರು ಬೇಗ ಹೊರಹೋಗಿ ಅದು ತಗ್ಗುತ್ತದೆ, ಭಾರವೆಲ್ಲ ಪ್ಲಗ್‌ಗಳ ಅಂಚಿಗೆ ಬೀಳುತ್ತದೆ. ಪ್ಲಗ್ 1 ಮಿ.ಮೀ. ಮೇಲೆದ್ದು ಕೂತಿದ್ದರೂ ಅಲ್ಲಿನ ಒತ್ತಡ ಬಹಳ ಏರುತ್ತದೆ. ಹೀಗಾಗಿ ಎಂಆರ್‌ಐಯಲ್ಲಿ ಪ್ಲಗ್‌ಗಳ ಮಟ್ಟ ಹೇಗಿದೆಯೆಂದು ಸರ್ಜನ್‌ರನ್ನೇ ಕೇಳಲು ಹೇಳಿದೆವು. ತಮ್ಮದೇ ಜೀವಕೋಶ ಬೆಳೆಸಿ ಹಾಕಿಸಿಕೊಂಡವರ ವೇಳಾಪಟ್ಟಿಯೇ ಬೇರೆ. ಆ ಅಂಗಾಂಶ ಗಟ್ಟಿಯಾಗಲು ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಅವರ ವಿಡಿಯೊ ನೋಡಿ ಇವನು ಲೆಕ್ಕ ಹಾಕಬಾರದು.

ಕೊಟ್ಟ ಸಲಹೆ: ಓಟ, ಜಿಗಿತ ಇಂದೇ ನಿಲ್ಲಬೇಕು. ಬೆಳಗ್ಗೆ, ರಾತ್ರಿ ಮೊಣಕಾಲ ಚಿಪ್ಪಿನ ನಡುಮಟ್ಟದಲ್ಲಿ ಟೇಪು ಸುತ್ತಿ ಅಳತೆ ಬರೆದಿಡಬೇಕು, 1 ಸೆಂ.ಮೀ. ಹೆಚ್ಚಿದರೆ ಮರುದಿನದ ವ್ಯಾಯಾಮ ಅರ್ಧ. ಸೀಟು ಎತ್ತರಿಸಿ, ಹಗುರವಾಗಿ 20 ನಿಮಿಷ ಸೈಕಲ್. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಸದ್ಯ ಬೇಡ. ಮನೆಯಲ್ಲಿ ಭಾರತೀಯ ಶೈಲಿಯ ಶೌಚಾಲಯವಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ತರಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕಸಿಯಾದ ಕಾಲು ಮೊದಲು. ಎರಡೂ ತೊಡೆಗಳ ಬಲದ ವ್ಯತ್ಯಾಸ ಶೇ. 10ಕ್ಕೆ ಇಳಿಯುವ ತನಕ ಓಟದ ಮಾತೇ ಬೇಡ. ಜಿಗಿತವಂತೂ 9–12 ತಿಂಗಳ ನಂತರ, ಸರ್ಜನ್ ಒಪ್ಪಿದ ಮೇಲೆ.

ಕಷ್ಟವಾದದ್ದು ಇದನ್ನು ತಂದೆಗೆ ತಿಳಿಸುವುದು. ಕೋಚಿಂಗ್‌ಗೆ ಸಾಲ ಮಾಡಿದ್ದರು. ಮಗ ಸೋಮಾರಿಯಾದ ಎಂದುಕೊಂಡಾರೆಂಬ ಅಳುಕೇ ಅವನನ್ನು ಓಡಿಸುತ್ತಿತ್ತು. ಅವನ ಒಪ್ಪಿಗೆ ಪಡೆದು, ಸರ್ಜನ್ ಬರೆದ ದಿನಾಂಕಗಳ ಹಾಳೆಯನ್ನು ಇಬ್ಬರ ಮುಂದೆಯೂ ಇಟ್ಟೆವು. ಈ ಸಲದ ದೈಹಿಕ ಪರೀಕ್ಷೆ ಬಿಟ್ಟು, ಮುಂದಿನ ಅಧಿಸೂಚನೆಗೆ ಈಗಿನಿಂದಲೇ ಲಿಖಿತ ಪರೀಕ್ಷೆಯ ಓದು ಎಂದು ತಂದೆ, ಮಗ ಅಲ್ಲೇ ತೀರ್ಮಾನಿಸಿದರು. ಮಡಚಲು, ಚಾಚಲು ಆಗದಂತೆ ಮೊಣಕಾಲು ಸಿಕ್ಕಿಹಾಕಿಕೊಂಡರೆ ಅಥವಾ ಊತದ ಜೊತೆ ಜ್ವರ ಬಂದರೆ ನಮ್ಮಲ್ಲಿಗೆ ಬರದೆ ನೇರ ಆಸ್ಪತ್ರೆಗೆ ಹೋಗಬೇಕೆಂದು ಅದೇ ಹಾಳೆಯಲ್ಲಿ ಬರೆದುಕೊಟ್ಟೆವು.