ನಮ್ಮದೇ ಕೊಬ್ಬು ಎಂಬ ಸಮಾಧಾನ ಸಾಲದು

ನಮಸ್ಕಾರ.

ಚಂದಕ್ಕಾಗಿ ಮುಖಕ್ಕೆ ಕೊಬ್ಬು ಚುಚ್ಚಿಸಿಕೊಳ್ಳುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ. ಹೊಟ್ಟೆಯಿಂದ, ತೊಡೆಯಿಂದ ಕೊಬ್ಬು ತೆಗೆಯುವ ಭಾಗವೂ ಚೆನ್ನಾಗಿ ಬಂದಿದೆ. ಆದರೂ ಈಗಿರುವಂತೆ ಪ್ರಕಟಿಸಲಾರೆ.

‘ನಮ್ಮದೇ ಕೊಬ್ಬಾದ್ದರಿಂದ ಅಪಾಯವಿಲ್ಲ’ ಎಂದು ಬರೆದಿದ್ದೀರಿ. ಮೈಗೆ ಒಗ್ಗುತ್ತದೆ ಅನ್ನುವಷ್ಟಕ್ಕೆ ಆ ಮಾತು ಸರಿ. ರಕ್ತನಾಳದೊಳಗೆ ಹೊಕ್ಕ ಕೊಬ್ಬು ಯಾರದಾದರೇನು, ನಾಳವನ್ನು ಮುಚ್ಚಿಬಿಡುತ್ತದೆ. ಹುಬ್ಬುಗಳ ನಡುವೆ, ಹಣೆಯಲ್ಲಿ, ಮೂಗಿನ ಮೇಲೆ ಇರುವ ಹಲವು ಸಣ್ಣ ಅಪಧಮನಿಗಳು ಕಣ್ಣಿಗೆ ರಕ್ತ ಒಯ್ಯುವ ಅಪಧಮನಿಯ ಕವಲುಗಳು. ಸೂಜಿಯ ತುದಿ ಅಂಥದೊಂದರೊಳಗೆ ಸೇರಿದ್ದಾಗ ಸಿರಿಂಜನ್ನು ಜೋರಾಗಿ ಒತ್ತಿದರೆ, ಆ ಒತ್ತಡ ರಕ್ತದೊತ್ತಡವನ್ನು ಮೀರಿ ಕೊಬ್ಬನ್ನು ಹರಿವಿಗೆ ಎದುರಾಗಿ ಹಿಂದಕ್ಕೆ ನೂಕುತ್ತದೆ. ಕೈ ಸಡಿಲಿಸಿದ ಕೂಡಲೇ ರಕ್ತ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ, ಈ ಸಲ ಕಣ್ಣಿನ ಒಳಪರದೆಯಾದ ರೆಟಿನಾದ ಅಪಧಮನಿಯೊಳಕ್ಕೆ. ಇನ್ನೂ ಹಿಂದೆ ಸರಿದಿದ್ದರೆ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಹುಬ್ಬಿನ ನಡುವಿನಿಂದ ಕಣ್ಣುಗುಳಿಯ ಹಿಂತುದಿಯವರೆಗೆ ಆ ಕವಲು ಸರಾಸರಿ ಹಿಡಿಯುವುದು 0.1 ಮಿಲಿಲೀಟರಿಗಿಂತ ಕಡಿಮೆ. ಎಷ್ಟು ಸ್ವಲ್ಪ ಸಾಕು ನೋಡಿ! ಈ ಹಿಮ್ಮುಖ ಪಯಣ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ದೃಷ್ಟಿ ಹೋಗುವುದು ‘ತೀರಾ ಅಪರೂಪ’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಪರೂಪ ನಿಜ. ಆದರೆ ಚಂದಕ್ಕಾಗಿ ಕೊಬ್ಬನ್ನೋ ಬೇರೆ ಫಿಲ್ಲರನ್ನೋ (ಚರ್ಮದಡಿ ತುಂಬುವ ಪದಾರ್ಥ) ಚುಚ್ಚಿದ್ದರಿಂದ ದೃಷ್ಟಿಗೆ ಪೆಟ್ಟು ಬಿದ್ದ 98 ಪ್ರಕರಣಗಳನ್ನು 2015ರ ಒಂದು ವೈದ್ಯಕೀಯ ಅವಲೋಕನ ಕಲೆಹಾಕಿದಾಗ, ಹೆಚ್ಚುಕಡಿಮೆ ಅರ್ಧದಲ್ಲಿ ಚುಚ್ಚಿದ್ದು ಸ್ವಂತ ಕೊಬ್ಬನ್ನೇ. ಹಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸಲು ಹಯಲುರಾನಿಡೇಸ್ ಎಂಬ ಕಿಣ್ವ ಇದೆ. ನಾಳದಲ್ಲಿ ಸಿಕ್ಕಿಕೊಂಡ ಕೊಬ್ಬಿಗೆ ಅಂಥದೊಂದು ಮದ್ದಿಲ್ಲ.

ಮೊಂಡು ತುದಿಯ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಇದ್ದರೆ ಭಯವೇ ಇಲ್ಲ ಎಂಬ ಸಾಲನ್ನು ತೆಗೆಯಿರಿ. ಅದು ಅಪಾಯವನ್ನು ತಗ್ಗಿಸುತ್ತದೆ, ಅಷ್ಟೇ. ಸ್ವಲ್ಪ ಸ್ವಲ್ಪವೇ, ಮೆಲ್ಲಗೆ, ಕ್ಯಾನುಲಾವನ್ನು ಹಿಂದಕ್ಕೆ ಎಳೆಯುತ್ತಾ ಕೊಬ್ಬನ್ನು ಬಿಡುವುದೂ ಅಷ್ಟೇ ಮುಖ್ಯ.

ಒಂದು ವಿಷಯ ಮನಸ್ಸಿಗೆ ನಾಟಿತು. ನಿಮ್ಮ ಪರಿಚಿತೆ ಮೇಜಿನ ಮೇಲೆ ಮಲಗಿದ್ದಾಗಲೇ ಕಣ್ಣು ಸಿಡಿದಂತೆ ನೋವಾಗಿ, ‘ಬಲಗಣ್ಣಿಗೆ ಏನೂ ಕಾಣಿಸ್ತಿಲ್ಲ’ ಎಂದರಂತೆ. ‘ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿ’ ಎಂದರಂತೆ ಅಲ್ಲಿದ್ದ ಸಹಾಯಕಿ. ರಕ್ತವಿಲ್ಲದ ರೆಟಿನಾಗೆ ಒಂದೊಂದು ನಿಮಿಷವೂ ನಷ್ಟ. ಆ ಕ್ಷಣವೇ ಚುಚ್ಚುವುದನ್ನು ನಿಲ್ಲಿಸಿ ಕಣ್ಣಿನ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಇಷ್ಟು ದೊಡ್ಡ ಸಂಗತಿಯನ್ನು ಕೊನೆಯ ಪುಟದಲ್ಲಿ ಹೂತಿಟ್ಟಿದ್ದೀರಲ್ಲ! ಅವರ ಒಪ್ಪಿಗೆ ಕೇಳಿ, ಹೆಸರು ಬಿಟ್ಟು, ಲೇಖನವನ್ನು ಅಲ್ಲಿಂದಲೇ ಶುರುಮಾಡಿ. ಸೌಂದರ್ಯದ ವರ್ಣನೆಯ ಮೊದಲ ಪುಟ ಬೇಡ.

ತಿದ್ದಿದ ಪ್ರತಿಯನ್ನು ಒಬ್ಬ ನೇತ್ರವೈದ್ಯರಿಗೆ ತೋರಿಸಿ ಕಳಿಸಿ. ನಾನೇ ಓದುತ್ತೇನೆ.